ಸಾವಿನ ಮನೆಗೆ ಬರೆದ ಹಳೆಯ ಪತ್ರಗಳನ್ನು ಓದುವುದು ಹೇಗೆ?

ಗ್ರೀಕರು, ರೋಮನರು, ಅವರ ನಂತರ ಮೊದಮೊದಲ ಕ್ರೈಸ್ತ ಲೇಖಕರು ಬರೆದ ಸಾಂತ್ವನದ ಬರಹಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಯಾವುದರಿಂದ ಶುರು ಮಾಡಲಿ? ಎಲ್ಲದರಲ್ಲೂ ಅದೇ ಮಾತು ಇದೆಯಲ್ಲ, ಇಷ್ಟೊಂದು ಯಾಕೆ ಓದಬೇಕು? ಕ್ರೈಸ್ತರು ಹಳಬರ ಮಾತನ್ನೇ ಎತ್ತಿಕೊಂಡರಾ? ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರ ಬರೆಯುವ ಬದಲು ಇಲ್ಲಿ ಒಂದೇ ಕಡೆ, ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬರಹಗಳಲ್ಲಿ ವಾದಕ್ಕಿಂತ ಸಮಯ ಮುಖ್ಯ. ಸಾವಾಗಿ ಎಷ್ಟು ದಿನವಾಗಿತ್ತು, ಯಾರು ಯಾರಿಗೆ ಬರೆದರು, ಬರೆದವರಿಗೂ ಆ ದುಃಖದಲ್ಲಿ ಪಾಲಿತ್ತಾ ಅನ್ನುವುದು ಗೊತ್ತಿಲ್ಲದೆ ಓದಿದರೆ ಎಲ್ಲವೂ ಒಣ ಉಪದೇಶದ ಹಾಗೆ ಕಾಣುತ್ತದೆ. "ಹುಟ್ಟಿದವರು ಸಾಯಲೇಬೇಕು" ಅನ್ನುವ ಮಾತು ನಮ್ಮ ಊರುಗಳಲ್ಲೂ ಇದೆ. ಹೆಣದ ಮುಂದೆ ಅದನ್ನು ಹೇಳುವುದಕ್ಕೂ, ಮೂರು ವರ್ಷ ಆದಮೇಲೆ ಜಗಲಿಯಲ್ಲಿ ಕೂತು ಹೇಳುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಏನೇನು ಬೇಕು

ಲ್ಯಾಟಿನ್, ಗ್ರೀಕ್ ಬರಬೇಕಾಗಿಲ್ಲ. ಇಂಗ್ಲಿಷ್ ಅನುವಾದಗಳು ಸಾಕು. ಹಳೆಯ ಅನುವಾದಗಳ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳ ಭಾಷೆ ಸ್ವಲ್ಪ ಗಡುಸು. ರೋಮಿನ ತತ್ವಜ್ಞಾನಿ ಸೆನೆಕ ಮತ್ತು ಕ್ರೈಸ್ತ ಬಿಷಪ್ ಅಗಸ್ಟೀನ್ ಇಬ್ಬರನ್ನಾದರೂ ಹೊಸ ಅನುವಾದದಲ್ಲಿ ಓದಿ ಅನ್ನುವುದು ನನ್ನ ಸಲಹೆ. ಜೊತೆಗೆ ಒಂದು ಕನ್ನಡ ಬೈಬಲ್, ಒಂದು ನೋಟ್‌ಬುಕ್. ಒಂದು ಸಲ ಕೂತರೆ ಒಂದೇ ಪತ್ರ. ಎರಡು ಮೂರು ಒಟ್ಟಿಗೆ ಓದಿದರೆ ನಿಜಕ್ಕೂ ಎಲ್ಲವೂ ಒಂದೇ ಥರ ಕೇಳಿಸುತ್ತವೆ.

ಎರಡು ಪದ ಗೊತ್ತಿರಲಿ. ಲ್ಯಾಟಿನ್‌ನಲ್ಲಿ ಸಾಂತ್ವನಕ್ಕೂ, ಸಾಂತ್ವನ ಹೇಳುವ ಬರಹಕ್ಕೂ ಕನ್ಸೊಲಾಟಿಯೊ ಅನ್ನುತ್ತಾರೆ. ಗ್ರೀಕಿನ ಪದ ಪಾರಮಿಥಿಯಾ. ಪಕ್ಕದಲ್ಲಿದ್ದು ಆಡುವ ಮಾತು ಅನ್ನುವ ಅರ್ಥ ಆ ಪದದ ಬೇರಿನಲ್ಲೇ ಇದೆ. ಸಾವಾದ ಮನೆಗೆ ಹೋಗಿ "ಮಾತಾಡಿಸಿಕೊಂಡು ಬಂದ್ವಿ" ಅಂತೀವಲ್ಲ, ಅದಕ್ಕೆ ತುಂಬಾ ಹತ್ತಿರದ ಪದ ಇದು.

ನಿಮ್ಮ ಮನೆಯಲ್ಲೇ ಈಚೆಗೆ ಸಾವಾಗಿದ್ದರೆ ಈ ಲೇಖನದ ಕ್ರಮವನ್ನು ಬಿಟ್ಟುಬಿಡಿ. ನೇರ 5ನೇ ಹಂತಕ್ಕೆ ಹೋಗಿ. ಆಮೇಲೆ 8ನೆಯದು. ಉಳಿದವುಗಳಿಗೆ ಯಾವ ಅವಸರವೂ ಇಲ್ಲ. ಅಮ್ಮ ತೀರಿಕೊಂಡ ತಿಂಗಳಲ್ಲೇ ನಾನು ಸೆನೆಕನನ್ನು ಕೈಗೆತ್ತಿಕೊಂಡಿದ್ದೆ. ಹತ್ತು ಪುಟ ದಾಟಲು ಆಗಲಿಲ್ಲ. ಅದು ಆ ಹೊತ್ತಿನ ಪುಸ್ತಕ ಆಗಿರಲಿಲ್ಲ, ಅಷ್ಟೇ.

1. ಒಂದು ಸಣ್ಣ ಪತ್ರದಿಂದ ಶುರು ಮಾಡಿ

ದೊಡ್ಡ ಗ್ರಂಥಕ್ಕೆ ಕೈ ಹಾಕಬೇಡಿ. ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಸಿಸೆರೊನ ಮಗಳು ಟುಲ್ಲಿಯಾ ತೀರಿಕೊಂಡಳು. ಹೆರಿಗೆಯಾಗಿ ಕೆಲವೇ ವಾರ ಆಗಿತ್ತು. ಸಿಸೆರೊ ರೋಮಿನ ಅತಿ ದೊಡ್ಡ ಮಾತುಗಾರ, ರಾಜಕಾರಣಿ. ಆಗ ಸೀಸರ್‌ನ ಆಳ್ವಿಕೆ. ಸಿಸೆರೊಗೆ ರಾಜಕಾರಣದಲ್ಲಿ ಏನೂ ಉಳಿದಿರಲಿಲ್ಲ. ಅವನ ಗೆಳೆಯ ಸರ್ವಿಯಸ್ ಸಲ್ಪಿಸಿಯಸ್ ರೂಫಸ್ ಆಗ ಗ್ರೀಸ್‌ನಲ್ಲಿ ಅಧಿಕಾರಿ. ಸುದ್ದಿ ತಿಳಿದು ಮಾರ್ಚ್‌ನಲ್ಲಿ ಅಥೆನ್ಸ್‌ನಿಂದ ಒಂದು ಪತ್ರ ಬರೆದ. ಸಿಸೆರೊ ತನ್ನ ಗೆಳೆಯರ ಜೊತೆ ನಡೆಸಿದ ಪತ್ರವ್ಯವಹಾರದ 4ನೇ ಸಂಪುಟದಲ್ಲಿ ಅದು 5ನೇ ಪತ್ರ. ಅದನ್ನು ಮೊದಲು ಓದಿ.

ಆ ಪತ್ರದ ಹೆಸರುವಾಸಿ ಭಾಗ ಒಂದು ಹಡಗಿನ ಪ್ರಯಾಣ. ಏಷ್ಯಾದಿಂದ ಮರಳುವಾಗ ಈಜೈನಾದಿಂದ ಮೆಗಾರಾ ಕಡೆಗೆ ಹೋಗುತ್ತಿದ್ದೆ ಅನ್ನುತ್ತಾನೆ ಸಲ್ಪಿಸಿಯಸ್. ಹಿಂದೆ ಈಜೈನಾ, ಮುಂದೆ ಮೆಗಾರಾ, ಬಲಕ್ಕೆ ಪೈರಿಯಸ್, ಎಡಕ್ಕೆ ಕೊರಿಂಥ್. ಒಂದು ಕಾಲದಲ್ಲಿ ಮೆರೆದ ಊರುಗಳು. ಈಗ ಪಾಳುಬಿದ್ದು ಮಲಗಿವೆ. ಇಷ್ಟು ಊರುಗಳ ಹೆಣ ಒಂದೇ ಕಡೆ ಬಿದ್ದಿರುವಾಗ, ನಮ್ಮಲ್ಲಿ ಒಬ್ಬರು ಸತ್ತರೆ ನಾವು ಕೊರಗುವುದೇ ಅಂತ ತನ್ನನ್ನೇ ಕೇಳಿಕೊಂಡೆ ಅನ್ನುತ್ತಾನೆ. ಮುಂದೆ ಹೋಗಿ ಗೆಳೆಯನನ್ನು ಸ್ವಲ್ಪ ಗದರುತ್ತಾನೆ ಕೂಡ. ಊರಿನವರ ಕಾಯಿಲೆಗೆಲ್ಲ ಮದ್ದು ಗೊತ್ತು ಅನ್ನುವ, ತನ್ನ ಕಾಯಿಲೆ ಮಾತ್ರ ವಾಸಿ ಮಾಡಿಕೊಳ್ಳಲಾಗದ ಕೆಟ್ಟ ವೈದ್ಯರ ಹಾಗೆ ಆಗಬೇಡ ಅಂತ.

ಓದಿ ಮುಗಿಸಿದ ಕೂಡಲೇ ನೋಟ್‌ಬುಕ್‌ನಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಯಾರಿಗೆ ಬರೆದದ್ದು? ಸಾವಾಗಿ ಎಷ್ಟು ಸಮಯವಾಗಿತ್ತು? ಯಾವ ಮದ್ದು ಕೊಟ್ಟರು? ಬರೆದವರಿಗೆ ಆ ದುಃಖದಲ್ಲಿ ಪಾಲೆಷ್ಟು? ಮುಂದಿನ ಪ್ರತಿ ಪತ್ರಕ್ಕೂ ಇವೇ ನಾಲ್ಕು ಪ್ರಶ್ನೆ.

2. ಮದ್ದಿನ ಪೆಟ್ಟಿಗೆಯನ್ನು ತೆರೆದು ನೋಡಿ

ಎಲ್ಲ ಪತ್ರಗಳಲ್ಲೂ ಅದೇ ಮಾತು ಯಾಕೆ ಬರುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಹಳಬರಿಗೆ ದುಃಖ ಅಂದರೆ ಮನಸ್ಸಿನ ಕಾಯಿಲೆ, ತತ್ವಶಾಸ್ತ್ರ ಅಂದರೆ ವೈದ್ಯ. ವೈದ್ಯನ ಹತ್ತಿರ ಮದ್ದಿನ ಪೆಟ್ಟಿಗೆ ಇದ್ದೇ ಇರುತ್ತದೆ. ಅದರಲ್ಲಿ ಏನೇನಿದೆ ಅಂತ ಸಿಸೆರೊನೇ ಪಟ್ಟಿ ಕೊಟ್ಟಿದ್ದಾನೆ. ಮಗಳು ತೀರಿಕೊಂಡ ಅದೇ ವರ್ಷ ಬರೆದ ಟಸ್ಕುಲನ್ ಸಂವಾದಗಳ 3ನೇ ಭಾಗದ ಕೊನೆಯ ಹೊತ್ತಿಗೆ ಅದು ಸಿಗುತ್ತದೆ.

ಸ್ಟೋಯಿಕ್ ಪಂಥದ ಕ್ಲಿಯಾಂಥಿಸ್ ಹೇಳಿದ್ದು: ನಿನಗೆ ಆಗಿರುವುದು ಕೆಡುಕೇ ಅಲ್ಲ. ಸ್ಟೋಯಿಕರಿಗೆ ಮನುಷ್ಯನ ಗುಣವೊಂದೇ ಒಳಿತು, ದುರ್ಗುಣವೊಂದೇ ಕೆಡುಕು. ಸಾವು, ಬಡತನ, ಗಡಿಪಾರು ಇವೆಲ್ಲ ಹೊರಗಿನ ಸಂಗತಿಗಳು. ಅರಿಸ್ಟಾಟಲ್ ಪಂಥದವರು ಅಷ್ಟು ದೂರ ಹೋಗುವುದಿಲ್ಲ. ಕೆಡುಕು ಹೌದು, ಆದರೆ ನೀನು ತಿಳಿದಷ್ಟು ದೊಡ್ಡದಲ್ಲ ಅನ್ನುತ್ತಾರೆ. ಎಪಿಕ್ಯೂರಸ್ ಪಂಥದವರು ಮನಸ್ಸನ್ನು ನೋವಿನಿಂದ ಎಬ್ಬಿಸಿ, ಸತ್ತವರ ಜೊತೆ ಕಳೆದ ಒಳ್ಳೆಯ ದಿನಗಳ ಕಡೆಗೆ ಒಯ್ಯುತ್ತಾರೆ. ಸೈರೀನ್ ಪಂಥದವರ ಮದ್ದು ಮುಂಚೆಯೇ ಕುಡಿಯಬೇಕಾದದ್ದು. ಏನು ಬೇಕಾದರೂ ಆಗಬಹುದು ಅಂತ ದಿನವೂ ನೆನೆದಿದ್ದರೆ ಯಾವುದೂ ದಿಢೀರ್ ಅನ್ನಿಸುವುದಿಲ್ಲ ಅನ್ನುವ ಲೆಕ್ಕ. ಮಗ ಸತ್ತ ಸುದ್ದಿ ಕೇಳಿದಾಗ ಗ್ರೀಕ್ ತತ್ವಜ್ಞಾನಿ ಅನಾಕ್ಸಾಗೊರಸ್ "ಸಾಯುವವನನ್ನೇ ಹುಟ್ಟಿಸಿದ್ದೆ ಅಂತ ನನಗೆ ಗೊತ್ತಿತ್ತು" ಅಂದನಂತೆ. ಈ ಒಂದು ಮಾತನ್ನು ಎಷ್ಟು ಜನ ಎತ್ತಿಕೊಂಡಿದ್ದಾರೆ ಅಂದರೆ, ಮುಂದಿನ ಓದಿನಲ್ಲಿ ಅದು ಎದುರಾದಾಗಲೆಲ್ಲ ನಿಮಗೆ ಹಳೆಯ ಪರಿಚಯದವರು ಸಿಕ್ಕ ಹಾಗೆ ಆಗುತ್ತದೆ.

ಐದನೆಯದು ಸ್ಟೋಯಿಕ್ ಕ್ರೈಸಿಪ್ಪಸ್‌ನದು. ನನ್ನ ಮಟ್ಟಿಗೆ ಈ ಪೆಟ್ಟಿಗೆಯಲ್ಲಿ ಅತಿ ಸೂಕ್ಷ್ಮವಾದ ಮದ್ದು ಇದೇ. ದುಃಖದಲ್ಲಿರುವವರು ತಾವು ಅಳುವುದು ಒಂದು ಕರ್ತವ್ಯ ಅಂತ ನಂಬಿರುತ್ತಾರೆ. ಅಳು ನಿಲ್ಲಿಸಿದರೆ ಸತ್ತವರಿಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತದೆ. ಮೊದಲು ಆ ನಂಬಿಕೆಯನ್ನು ಮೆತ್ತಗೆ ಬಿಡಿಸಬೇಕು ಅನ್ನುತ್ತಾನೆ ಅವನು. ಗಂಡನನ್ನು ಕಳೆದುಕೊಂಡ ಮೇಲೆ ಮೊದಲ ಸಲ ನಕ್ಕು, ಕೂಡಲೇ ಸುತ್ತ ನೋಡಿ ಸುಮ್ಮನಾಗುವ ಹೆಂಗಸನ್ನು ನೀವೂ ಕಂಡಿರಬಹುದು. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಇದನ್ನು ಗಮನಿಸಿದ್ದ.

ಇದೇ ಕ್ರೈಸಿಪ್ಪಸ್ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದ. ಮನಸ್ಸಿನ ಊತ ಹೊಸದಾಗಿರುವಾಗ ಮದ್ದು ಹಚ್ಚಬೇಡಿ.

3. ಮದ್ದು ನಾಟದೇ ಇದ್ದಾಗ ಏನಾಯಿತು, ಅದನ್ನೂ ಓದಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಲ್ಪಿಸಿಯಸ್‌ನ ಪತ್ರ ಓದಿ ಮೆಚ್ಚುತ್ತಾರೆ, ಸಿಸೆರೊ ಬರೆದ ಉತ್ತರ ಓದುವುದಿಲ್ಲ. ಅದು ಪಕ್ಕದಲ್ಲೇ ಇದೆ, 6ನೇ ಪತ್ರ.

ಗೆಳೆಯನ ಮಾತಿಗೆ ಸಿಸೆರೊ ಕೃತಜ್ಞ. ಆದರೆ ಒಪ್ಪುವುದಿಲ್ಲ. ಮಕ್ಕಳನ್ನು ಕಳೆದುಕೊಂಡೂ ಗಟ್ಟಿಯಾಗಿ ನಿಂತ ಹಿಂದಿನ ದೊಡ್ಡವರ ಉದಾಹರಣೆ ನನಗೆ ಹೊಂದುವುದಿಲ್ಲ ಅನ್ನುತ್ತಾನೆ. ಅವರಿಗೆ ಹೊರಗೆ ಸಾರ್ವಜನಿಕ ಬದುಕು ಇತ್ತು. ನನಗೆ ಹೊರಗಿನದು ಹಾಳಾದಾಗ ಮನೆಗೆ ಓಡಿಬರುತ್ತಿದ್ದೆ, ಮಗಳ ಮಾತಿನಲ್ಲಿ ಎಲ್ಲ ಮರೆಯುತ್ತಿದ್ದೆ. ಈಗ ಎಲ್ಲಿಗೆ ಹೋಗಲಿ?

ಅದೇ ದಿನಗಳಲ್ಲಿ ಗೆಳೆಯ ಆಟಿಕಸ್‌ಗೆ ಬರೆದ ಪತ್ರಗಳನ್ನೂ ನೋಡಿ. 12ನೇ ಸಂಪುಟದ 14, 15ನೇ ಪತ್ರಗಳು. ಆಗ ಅವನು ಆಸ್ಟುರಾ ಅನ್ನುವ ಕಡಲತಡಿಯ ಮನೆಯಲ್ಲಿದ್ದ. ಬೆಳಗ್ಗೆ ದಟ್ಟ ಮುಳ್ಳುಕಾಡಿಗೆ ಹೊಕ್ಕರೆ ಸಂಜೆಯವರೆಗೆ ಹೊರಗೆ ಬರುವುದಿಲ್ಲ ಅಂತ ಬರೆಯುತ್ತಾನೆ. ಪುಸ್ತಕಗಳ ಜೊತೆ ಮಾತು. ನಡುವೆ ಅಳು ಬಂದು ಮಾತು ನಿಂತುಹೋಗುತ್ತದೆ. ನನಗಿಂತ ಮೊದಲು ಯಾರೂ ಮಾಡದ್ದನ್ನು ಮಾಡಿದೆ, ನನಗೆ ನಾನೇ ಸಾಂತ್ವನದ ಪುಸ್ತಕ ಬರೆದುಕೊಂಡೆ ಅಂತಲೂ ಹೇಳುತ್ತಾನೆ.

ಆ ಪುಸ್ತಕ ನಮಗೆ ಉಳಿದಿಲ್ಲ, ತುಣುಕುಗಳಷ್ಟೇ ಇವೆ. ಅದರಲ್ಲಿ ಐದೂ ಮದ್ದನ್ನು ಒಟ್ಟಿಗೆ ಸುರಿದುಬಿಟ್ಟೆ, ಮನಸ್ಸು ಊದಿಕೊಂಡಿತ್ತು, ಯಾವುದು ನಾಟುತ್ತದೋ ನೋಡೋಣ ಅಂತ ಮಾಡಿದೆ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಹೊಸ ಊತಕ್ಕೆ ಮದ್ದು ಬೇಡ ಅಂದ ಕ್ರೈಸಿಪ್ಪಸ್‌ನ ಮಾತನ್ನು ಬೇಕಂತಲೇ ಮೀರಿದ.

ಎಚ್ಚರ: 1583ರಲ್ಲಿ ವೆನಿಸ್‌ನಲ್ಲಿ ಸಿಸೆರೊನ ಸಾಂತ್ವನ ಗ್ರಂಥ ಸಿಕ್ಕಿತು ಅಂತ ಒಂದು ಪುಸ್ತಕ ಅಚ್ಚಾಯಿತು. ಅದು ನಕಲಿ. ಹಳೆಯ ಪುಸ್ತಕಗಳ ಸಂಗ್ರಹದಲ್ಲಿ ಪೂರ್ತಿ ಕನ್ಸೊಲಾಟಿಯೊ ಸಿಕ್ಕಿತು ಅಂತ ಖುಷಿಪಡುವ ಮೊದಲು ಇದು ನೆನಪಿರಲಿ.

4. ಸೆನೆಕನನ್ನು ಈ ಕ್ರಮದಲ್ಲಿ ಓದಿ

ಸೆನೆಕನ ಮೂರು ಸಾಂತ್ವನ ಗ್ರಂಥಗಳು ಉಳಿದಿವೆ. ಹೆಚ್ಚಿನವರು ಮಾರ್ಸಿಯಾಗೆ ಬರೆದದ್ದರಿಂದ ಶುರು ಮಾಡಿ ಅರ್ಧಕ್ಕೆ ಬಿಡುತ್ತಾರೆ. ನಾನು ಹೇಳುವ ಕ್ರಮ ಬೇರೆ. ಮೊದಲು ಗೆಳೆಯ ಲೂಸಿಲಿಯಸ್‌ಗೆ ಬರೆದ 63ನೇ ಪತ್ರ. ಎರಡು ಮೂರು ಪುಟ ಅಷ್ಟೇ.

ಲೂಸಿಲಿಯಸ್‌ನ ಗೆಳೆಯ ಫ್ಲಾಕಸ್ ಸತ್ತಿದ್ದಾನೆ. ಕಣ್ಣು ಒಣಗಿಯೂ ಇರಬಾರದು, ಹೊಳೆಯಾಗಿಯೂ ಹರಿಯಬಾರದು, ಕಣ್ಣೀರು ಹಾಕಬಹುದು, ಗೋಳಾಡಬಾರದು ಅನ್ನುತ್ತಾನೆ ಸೆನೆಕ. ಇಷ್ಟು ಓದುವಾಗ ನಿಮಗೆ ಸ್ವಲ್ಪ ಸಿಟ್ಟು ಬರಬಹುದು. ತಾಳಿ. ಪತ್ರದ ಕೊನೆಗೆ ಅವನು ತನ್ನ ಕಥೆ ಹೇಳುತ್ತಾನೆ. ನಿನಗೆ ಇದನ್ನು ಬರೆಯುತ್ತಿರುವ ನಾನೇ ನನ್ನ ಪ್ರೀತಿಯ ಅನ್ನೀಯಸ್ ಸೆರೆನಸ್‌ಗಾಗಿ ಮಿತಿಯಿಲ್ಲದೆ ಅತ್ತವನು. ದುಃಖಕ್ಕೆ ಸೋತವರ ಉದಾಹರಣೆ ಕೊಡುವಾಗ ನನ್ನ ಹೆಸರೂ ಸೇರುತ್ತದೆ. ಅವನು ನನಗಿಂತ ಚಿಕ್ಕವನು, ನನಗಿಂತ ಮೊದಲು ಹೋಗಬಹುದು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. 2ನೇ ಹಂತದಲ್ಲಿ ನೋಡಿದ "ಮುಂಚೆಯೇ ನೆನೆ" ಅನ್ನುವ ಮದ್ದು ಇಲ್ಲಿ ಹೇಗೆ ಬಂತು ನೋಡಿ. ತಾನು ಕುಡಿಯಲು ಮರೆತ ಮದ್ದನ್ನೇ ಗೆಳೆಯನಿಗೆ ಕೊಡುತ್ತಿದ್ದಾನೆ. ಹಾಗಾಗಿ ಅದು ಉಪದೇಶವಾಗಿ ಕೇಳಿಸುವುದಿಲ್ಲ.

ಆಮೇಲೆ ಮಾರ್ಸಿಯಾಗೆ ಬರೆದದ್ದು. ಅವಳ ಮಗ ಮೆಟಿಲಿಯಸ್ ಸತ್ತು ಮೂರು ವರ್ಷ ಆಗಿತ್ತು. ಮೂರು ವರ್ಷವಾದರೂ ದುಃಖ ಇಳಿದಿರಲಿಲ್ಲ. ಸೆನೆಕನ ಗಡುಸು ದನಿಗೆ ಕಾರಣ ಇದೇ. ಮಾರ್ಸಿಯಾ ಯಾರು ಅನ್ನುವುದೂ ಮುಖ್ಯ. ಅವಳ ತಂದೆ ಇತಿಹಾಸಕಾರ ಕ್ರೆಮೂಶಿಯಸ್ ಕಾರ್ಡಸ್. ಚಕ್ರವರ್ತಿ ಟೈಬೀರಿಯಸ್‌ನ ಕಾಲದಲ್ಲಿ, ಕ್ರಿ.ಶ. 25ರಲ್ಲಿ, ಅವನ ಬರಹಕ್ಕಾಗಿ ವಿಚಾರಣೆ ನಡೆಯಿತು. ಅವನು ಅನ್ನ ಬಿಟ್ಟು ಪ್ರಾಣ ಬಿಟ್ಟ. ಪುಸ್ತಕಗಳನ್ನು ಸುಟ್ಟರು. ಅವುಗಳನ್ನು ಉಳಿಸಿ ಮತ್ತೆ ಹೊರತಂದವಳು ಈ ಮಗಳು. ಇಂಥವಳಿಗೆ ಸುಮ್ನೆ ಮೆತ್ತಗಿನ ಮಾತು ಹೇಳಿ ಪ್ರಯೋಜನವಿಲ್ಲ ಅಂತ ಸೆನೆಕ ಮೊದಲೇ ಹೇಳುತ್ತಾನೆ. ಪುಸ್ತಕದ ಶುರುವಿನಲ್ಲಿ ಇಬ್ಬರು ತಾಯಂದಿರನ್ನು ಎದುರಿಗಿಡುತ್ತಾನೆ. ಮಗ ಮಾರ್ಸೆಲಸ್ ಸತ್ತಮೇಲೆ ಅವನ ಒಂದು ಚಿತ್ರವನ್ನೂ ಇಟ್ಟುಕೊಳ್ಳದೆ ಕತ್ತಲೆಯಲ್ಲೇ ಉಳಿದ ಒಕ್ಟೇವಿಯಾ. ಮಗ ಡ್ರೂಸಸ್‌ನ ಹೆಸರನ್ನು ಎಲ್ಲ ಕಡೆ ಪ್ರೀತಿಯಿಂದ ಹೇಳುತ್ತಾ ಬದುಕಿದ ಲಿವಿಯಾ. ಯಾರ ಹಾಗೆ ಇರುತ್ತೀಯ, ಆರಿಸಿಕೋ ಅನ್ನುತ್ತಾನೆ. ಹೀಗೆ ಹಿಂದಿನವರ ಬದುಕನ್ನು ಮಾದರಿಯಾಗಿ ತೋರಿಸುವುದಕ್ಕೆ ಲ್ಯಾಟಿನ್‌ನಲ್ಲಿ ಎಕ್ಸೆಂಪ್ಲಮ್ ಅನ್ನುತ್ತಾರೆ. ಮುಂದೆ ಕ್ರೈಸ್ತರಲ್ಲೂ ಇದು ಉಳಿಯಿತು, ಮಾದರಿಗಳು ಮಾತ್ರ ಬದಲಾದವು.

ತಾಯಿ ಹೆಲ್ವಿಯಾಗೆ ಬರೆದದ್ದನ್ನು ಅದಾದ ಮೇಲೆ ಓದಿ. ಕ್ರಿ.ಶ. 41ರಿಂದ 49ರವರೆಗೆ ಸೆನೆಕ ಕಾರ್ಸಿಕಾ ದ್ವೀಪದಲ್ಲಿ ಗಡಿಪಾರಿನಲ್ಲಿದ್ದ. ಇಲ್ಲಿ ತಾಯಿ ಅಳುತ್ತಿರುವುದು ಅವನಿಗಾಗಿಯೇ. ಯಾರಿಗಾಗಿ ಅಳು ನಡೆದಿದೆಯೋ ಅವನೇ ಸಾಂತ್ವನ ಹೇಳುವ ಪುಸ್ತಕ ಎಲ್ಲೂ ಸಿಗಲಿಲ್ಲ ಅಂತ ಬರೆಯುತ್ತಾನೆ. ನೋವು ಹಸಿಯಾಗಿದ್ದಾಗ ಬರೆದರೆ ಕೆರಳುತ್ತದೆ ಅಂತ ಕಾದಿದ್ದೆ ಅನ್ನುತ್ತಾನೆ. ನಿಮ್ಮ ಎರಡನೇ ಪ್ರಶ್ನೆಗೆ ಅವನೇ ಉತ್ತರ ಕೊಟ್ಟ ಹಾಗಾಯಿತು.

ಎಚ್ಚರ: ಪೊಲಿಬಿಯಸ್‌ಗೆ ಬರೆದದ್ದನ್ನು ಕೊನೆಗೆ ಇಡಿ. ತಮ್ಮನನ್ನೋ ಅಣ್ಣನನ್ನೋ ಕಳೆದುಕೊಂಡ ಪೊಲಿಬಿಯಸ್ ಚಕ್ರವರ್ತಿ ಕ್ಲಾಡಿಯಸ್‌ನ ಆಪ್ತ. ಗಡಿಪಾರಿನಿಂದ ಬಿಡುಗಡೆ ಕೊಡಿಸಬಲ್ಲ ಮನುಷ್ಯ. ಅದರಲ್ಲಿ ಕ್ಲಾಡಿಯಸ್‌ನ ಹೊಗಳಿಕೆ ಉಕ್ಕಿ ಹರಿಯುತ್ತದೆ. ಅದನ್ನು ಮೊದಲು ಓದಿದವರು ಸೆನೆಕನ ಮೇಲೆ ನಂಬಿಕೆ ಕಳೆದುಕೊಂಡು ಉಳಿದದ್ದನ್ನು ಮುಟ್ಟುವುದೇ ಇಲ್ಲ. 99ನೇ ಪತ್ರದ ಬಗ್ಗೆಯೂ ಹುಷಾರು. ಪುಟ್ಟ ಮಗನನ್ನು ಕಳೆದುಕೊಂಡ ಮಾರುಲ್ಲಸ್‌ಗೆ "ಸಾಂತ್ವನ ನಿರೀಕ್ಷಿಸಿದೆಯಾ? ಬೈಗುಳ ತಗೋ" ಅನ್ನುವ ಧಾಟಿಯಲ್ಲಿ ಶುರುವಾಗುತ್ತದೆ ಅದು. ದಯವಿಟ್ಟು ಅದನ್ನು ಮಗು ಕಳೆದುಕೊಂಡ ಯಾರಿಗೂ ಕಳಿಸಬೇಡಿ.

5. ಪ್ಲುಟಾರ್ಕ್ ಹೆಂಡತಿಗೆ ಬರೆದ ಪತ್ರ

ಇದೊಂದನ್ನು ನಿಧಾನವಾಗಿ ಓದಿ. ಸಾಧ್ಯವಾದರೆ ಗಟ್ಟಿಯಾಗಿ.

ಗ್ರೀಕ್ ಲೇಖಕ ಪ್ಲುಟಾರ್ಕ್ ಪ್ರಯಾಣದಲ್ಲಿದ್ದ. ಮಗಳು ತೀರಿಕೊಂಡ ಸುದ್ದಿ ತರಲು ಹೆಂಡತಿ ಕಳಿಸಿದ ಆಳಿಗೆ ದಾರಿಯಲ್ಲಿ ಅವನು ಸಿಗಲಿಲ್ಲ. ತನಾಗ್ರಾ ಊರಿಗೆ ಬಂದಮೇಲೆ ಪ್ಲುಟಾರ್ಕ್‌ಗೆ ಗೊತ್ತಾಯಿತು. ಮಗುವಿನ ಮಣ್ಣು ಮುಗಿದಿರಬೇಕು ಅಂದುಕೊಂಡು ಬರೆಯುತ್ತಾನೆ. ಮಗುವಿನ ಹೆಸರು ಟಿಮೊಕ್ಸೆನಾ, ವಯಸ್ಸು ಎರಡು. ನಾಲ್ಕು ಗಂಡುಮಕ್ಕಳ ಮೇಲೆ ಹಂಬಲಿಸಿ ಪಡೆದ ಹೆಣ್ಣುಮಗು.

ಪತ್ರದ ನಡುವೆ ಒಂದು ನೆನಪು ಬರುತ್ತದೆ. ಮಗು ತನ್ನ ಹಾಲುದಾದಿಗೆ ಬೇರೆ ಮಕ್ಕಳಿಗೂ ಹಾಲು ಕೊಡು ಅನ್ನುತ್ತಿತ್ತಂತೆ. ಮಕ್ಕಳಿಗಷ್ಟೇ ಅಲ್ಲ, ತಾನು ಇಷ್ಟಪಟ್ಟ ಆಟದ ಸಾಮಾನುಗಳಿಗೂ. ತನಗೆ ಸಂತೋಷ ಕೊಟ್ಟದ್ದಕ್ಕೆಲ್ಲ ತನ್ನ ಪಾಲಿನದನ್ನು ಹಂಚುವ ಹಾಗೆ. ಇಂಥ ನೆನಪು ಬದುಕಿದ್ದಾಗ ಸಂತೋಷ ಕೊಡುತ್ತಿತ್ತಲ್ಲ, ಈಗ ಅದನ್ನು ನೋವಿನ ಮೂಲ ಅಂತ ಯಾಕೆ ದೂರ ತಳ್ಳಬೇಕು ಅನ್ನುತ್ತಾನೆ ಅಪ್ಪ. ಎಪಿಕ್ಯೂರಸ್ ಪಂಥದವರ ಮದ್ದಿನ ಹಾಗೇ ಇದೆ ಇದು. ಪ್ಲುಟಾರ್ಕ್ ಆ ಪಂಥವನ್ನು ಜೀವಮಾನವಿಡೀ ವಿರೋಧಿಸಿದವನು. ಮಗಳು ಸತ್ತಾಗ ಮದ್ದು ಯಾರದ್ದು ಅಂತ ನೋಡಲಿಲ್ಲ.

ಹೆಂಡತಿ ಎದೆ ಬಡಿದುಕೊಂಡು ಗೋಳಾಡಲಿಲ್ಲ, ಶೋಕದ ಬಟ್ಟೆ ತೊಡಲಿಲ್ಲ ಅಂತ ಹೊಗಳುವ ಭಾಗ ಇಂದು ಓದುವಾಗ ಸ್ವಲ್ಪ ಬಿಗಿ ಅನ್ನಿಸಬಹುದು. ಅದು ನನಗೂ ಅನ್ನಿಸುತ್ತದೆ. ಆದರೂ ಈ ಇಡೀ ಪರಂಪರೆಯಲ್ಲಿ ಸತ್ತ ಮಗು ಇಷ್ಟು ಜೀವಂತವಾಗಿ ಓಡಾಡುವ ಪತ್ರ ಇನ್ನೊಂದನ್ನು ನಾನು ಓದಿಲ್ಲ.

6. ಈಗ ಕನ್ನಡ ಬೈಬಲ್ ತೆಗೆಯಿರಿ

ಕ್ರೈಸ್ತ ಧರ್ಮವನ್ನು ಊರೂರಿಗೆ ಸಾರಿದ ಪೌಲನು ಗ್ರೀಸ್‌ನ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ, 4ನೇ ಅಧ್ಯಾಯ, 13ರಿಂದ 18ನೇ ವಚನ. ಕ್ರಿ.ಶ. 50ರ ಆಸುಪಾಸಿನದು. ಆರೇ ವಚನ. ಇದೊಂದನ್ನು ನೀವು ಕನ್ನಡದಲ್ಲೇ ಓದಬಹುದು.

ಆ ಊರಿನ ಕ್ರೈಸ್ತರಲ್ಲಿ ಕೆಲವರು ತೀರಿಕೊಂಡಿದ್ದರು. ಕ್ರಿಸ್ತನು ಮರಳಿ ಬರುವಾಗ ಅವರ ಗತಿ ಏನು ಅನ್ನುವ ಭಯ ಉಳಿದವರಿಗೆ. ನಿರೀಕ್ಷೆ ಇಲ್ಲದ ಇತರರ ಹಾಗೆ ದುಃಖಪಡಬೇಡಿ ಅನ್ನುತ್ತಾನೆ ಪೌಲ. ಸತ್ತವರನ್ನು ನಿದ್ರೆ ಹೋದವರು ಅನ್ನುತ್ತಾನೆ. ಮಲಗುವ ಜಾಗ ಅನ್ನುವ ಗ್ರೀಕ್ ಪದದಿಂದಲೇ ಇಂಗ್ಲಿಷಿನ ಸೆಮೆಟ್ರಿ ಬಂದದ್ದು.

ಇಲ್ಲಿ ಎರಡು ಬದಲಾವಣೆ ಗುರುತು ಮಾಡಿಕೊಳ್ಳಿ. ಒಂದು, ಸಾವು ಕೆಡುಕಲ್ಲ ಅನ್ನುವ ವಾದ ಇಲ್ಲಿಲ್ಲ. ಮತ್ತೆ ಸಿಗುತ್ತಾರೆ ಅನ್ನುವ ಮಾತು ಕೊಡುತ್ತಾನೆ. ಎರಡು, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಅಂತ ಮುಗಿಸುತ್ತಾನೆ. ಸಾಂತ್ವನ ಹೇಳುವ ಕೆಲಸ ಓದಿದ ಗೆಳೆಯನ ಕೈಯಿಂದ ಇಡೀ ಸಭೆಯ ಕೈಗೆ ಬಂತು. ಅಲ್ಲಿ ಆಳುಗಳೂ ಇದ್ದರು, ಅಕ್ಷರ ಬಾರದವರೂ ಇದ್ದರು.

ಎಚ್ಚರ: "ದುಃಖಪಡಬೇಡಿ" ಅನ್ನುವಷ್ಟನ್ನೇ ಕಿತ್ತು ಓದಬೇಡಿ. ಮುಂದೆ ಅಗಸ್ಟೀನ್ ತನ್ನ ಒಂದು ಪ್ರವಚನದಲ್ಲಿ ಇದನ್ನೇ ಬಿಡಿಸಿ ಹೇಳುತ್ತಾನೆ. ಪೌಲ ದುಃಖಪಡಲೇ ಬೇಡಿ ಅನ್ನಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ಬೇಡ ಅಂದ ಅಂತ. ಜೊತೆಗೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನೂ ಓದಿ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಹಾಕಿದ. ಸ್ಟೋಯಿಕರ ಜ್ಞಾನಿ ಹಾಗೆ ಅಳುವುದಿಲ್ಲ. ಅಳುವವರಿಗೆ ಇಲ್ಲಿ ಒಂದು ಆಸರೆ ಸಿಕ್ಕಿತು. ಮುಂದಿನ ಎಲ್ಲ ಕ್ರೈಸ್ತ ಪತ್ರಗಳಲ್ಲೂ ಆ ವಚನವನ್ನು ಹುಡುಕಿ.

7. ಸಿಪ್ರಿಯನ್ ಮತ್ತು ಜೆರೋಮ್

ಸಿಪ್ರಿಯನ್ ಉತ್ತರ ಆಫ್ರಿಕಾದ ಕಾರ್ಥೇಜ್‌ನ ಬಿಷಪ್. ಕ್ರಿ.ಶ. 252ರ ಹೊತ್ತಿಗೆ ಊರಿನಲ್ಲಿ ದೊಡ್ಡ ಪಿಡುಗು. ನಂಬಿದವರೂ ಯಾಕೆ ಸಾಯುತ್ತಿದ್ದಾರೆ ಅನ್ನುವ ಪ್ರಶ್ನೆಗೆ ಉತ್ತರವಾಗಿ ಸಾವಿನ ಬಗ್ಗೆ ಒಂದು ಪುಸ್ತಿಕೆ ಬರೆದ. ಹೋದವರಿಗಾಗಿ ಹಂಬಲಿಸಿ, ಗೋಳಾಡಬೇಡಿ, ಅವರು ಅಲ್ಲಿ ಬಿಳಿ ಬಟ್ಟೆ ತೊಟ್ಟಿರುವಾಗ ನೀವು ಇಲ್ಲಿ ಕಪ್ಪು ತೊಡಬೇಡಿ ಅನ್ನುತ್ತಾನೆ. ದನಿ ಗಡುಸು. ಬೀದಿ ತುಂಬ ಹೆಣ ಇರುವಾಗ ಒಂದು ಊರಿಗೇ ಹೇಳಿದ ಮಾತು ಅದು, ಒಬ್ಬ ತಾಯಿಗೆ ಹೇಳಿದ್ದಲ್ಲ. ಅದನ್ನು ನೆನಪಿಟ್ಟು ಬೇಗ ಓದಿ ಮುಂದೆ ಹೋಗಿ.

ಬೈಬಲನ್ನು ಲ್ಯಾಟಿನ್‌ಗೆ ತಂದ ಸನ್ಯಾಸಿ ಜೆರೋಮ್‌ನ 60ನೇ ಪತ್ರದಲ್ಲಿ ನಿಲ್ಲಿ. ಕ್ರಿ.ಶ. 396, ಬೆತ್ಲೆಹೇಮ್‌ನಿಂದ ಬರೆದದ್ದು. ಇಟಲಿಯ ಬಿಷಪ್ ಹೆಲಿಯೊಡೋರಸ್‌ನ ಸೋದರಳಿಯ ನೆಪೋಶಿಯನ್ ಎಂಬ ಯುವ ಪಾದ್ರಿ ತೀರಿಕೊಂಡಿದ್ದ. ಕ್ರೈಸ್ತರು ಹಳಬರದ್ದನ್ನು ಎತ್ತಿಕೊಂಡರಾ ಅನ್ನುವ ಪ್ರಶ್ನೆಗೆ ಇಲ್ಲೇ ಉತ್ತರ ಸಿಗುತ್ತದೆ. ಹೌದು, ಎತ್ತಿಕೊಂಡರು, ಹೇಳಿಯೇ ಎತ್ತಿಕೊಂಡರು. ಕ್ರಾಂಟರ್‌ನ ಪುಸ್ತಕ ಓದಿದ್ದೇನೆ, ಸಿಸೆರೊ ತನ್ನ ದುಃಖಕ್ಕೆ ಅನುಸರಿಸಿದ್ದು ಅದನ್ನೇ ಅನ್ನುತ್ತಾನೆ ಜೆರೋಮ್. ಪ್ಲೇಟೊ, ಡಯೋಜಿನಿಸ್, ಕಾರ್ನಿಯಾಡಿಸ್, ಪೊಸಿಡೋನಿಯಸ್ ಹೀಗೆ ಪಟ್ಟಿ ಕೊಡುತ್ತಾನೆ. "ಸಾಯುವವನನ್ನೇ ಹುಟ್ಟಿಸಿದ್ದೆ" ಅನ್ನುವ ನಿಮ್ಮ ಹಳೆಯ ಪರಿಚಯದ ಮಾತೂ ಬರುತ್ತದೆ. ಕ್ರಾಂಟರ್ ಪ್ಲೇಟೊನ ಅಕಾಡೆಮಿಯವನು. ದುಃಖದ ಬಗ್ಗೆ ಅವನು ಬರೆದ ಪುಟ್ಟ ಪುಸ್ತಕವನ್ನು ಸಿಸೆರೊ ಚಿನ್ನದಂಥದ್ದು ಅಂದಿದ್ದ. ಇವತ್ತು ಅದರ ತುಣುಕುಗಳಷ್ಟೇ ಇವೆ.

ಹೀಗಾಗಿ ಮದ್ದಿನ ಪೆಟ್ಟಿಗೆ ಅದೇ. ಆದರೆ ಜೆರೋಮ್ ಆ ಮದ್ದುಗಳನ್ನೆಲ್ಲ ತೋರಿಸಿ, ಇವು ಸಾಲವು ಅಂತ ಪಕ್ಕಕ್ಕಿಟ್ಟು, ಪುನರುತ್ಥಾನದ ಮಾತಿಗೆ ಬರುತ್ತಾನೆ. ಪುನರುತ್ಥಾನ ಅಂದರೆ ಸತ್ತವರು ದೇಹದೊಂದಿಗೆ ಮತ್ತೆ ಏಳುತ್ತಾರೆ ಅನ್ನುವ ನಂಬಿಕೆ. ಆತ್ಮ ಮಾತ್ರ ಉಳಿಯುತ್ತದೆ ಅನ್ನುವ ಪ್ಲೇಟೊನ ಮಾತಿಗಿಂತ ಇದು ಬೇರೆ. ಈ ವ್ಯತ್ಯಾಸ ತಪ್ಪಿಸಿಕೊಂಡರೆ ಇಡೀ ಪತ್ರದ ತಿರುವೇ ತಪ್ಪಿಹೋಗುತ್ತದೆ.

ನೆಪೋಶಿಯನ್ ಸಾಯುವಾಗ ತಾನು ಪೂಜೆಯ ಹೊತ್ತಿಗೆ ತೊಡುತ್ತಿದ್ದ ನಿಲುವಂಗಿಯನ್ನು ಜೆರೋಮ್‌ಗೆ ಕಳಿಸಲು ಹೇಳಿದ್ದ. ಈ ನಿಲುವಂಗಿಯನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ.

ಎಚ್ಚರ: ಜೆರೋಮ್‌ನ 39ನೇ ಪತ್ರವನ್ನು ಇದರ ನಂತರವೇ ಓದಿ. ಕ್ರಿ.ಶ. 384ರಲ್ಲಿ, ರೋಮಿನಲ್ಲಿ ಜೆರೋಮ್‌ನ ಶಿಷ್ಯೆಯಾಗಿದ್ದ ಪೌಲಾಳ ಮಗಳು ಬ್ಲೆಸಿಲ್ಲಾ ಇಪ್ಪತ್ತನೇ ವಯಸ್ಸಿಗೆ ಸತ್ತಳು. ಶವಯಾತ್ರೆಯಲ್ಲಿ ತಾಯಿ ಮೂರ್ಛೆ ಹೋದಳು. ಉಪವಾಸ ಮಾಡಿಸಿ ಹುಡುಗಿಯನ್ನು ಕೊಂದರು, ಈ ಸನ್ಯಾಸಿಗಳನ್ನು ಊರಿಂದ ಓಡಿಸಿ ಅಂತ ಜನ ಮಾತಾಡಿಕೊಂಡರು. ಉಪವಾಸದ ದಾರಿ ತೋರಿಸಿದವನು ಜೆರೋಮ್. ಶುರುವಿನಲ್ಲಿ ತಾನೂ ಅಳುತ್ತಿದ್ದೇನೆ ಅನ್ನುತ್ತಾನೆ, ಆಮೇಲೆ ತಾಯಿಯ ಕಣ್ಣೀರನ್ನು ಅಪನಂಬಿಕೆಯ ಕಣ್ಣೀರು ಅಂತ ಬೈಯುತ್ತಾನೆ. ಅವನಿಗೆ ಆ ದುಃಖದಲ್ಲಿ ಪಾಲಿತ್ತು, ಹೊಣೆಯ ಭಯವೂ ಇತ್ತು. ಈ ಪತ್ರವನ್ನು ನನಗೆ ಇವತ್ತಿಗೂ ಕ್ಷಮಿಸಲು ಆಗಿಲ್ಲ. ಆದರೂ ಓದಬೇಕು. ಸಾಂತ್ವನದ ಹೆಸರಿನಲ್ಲಿ ಎಂಥ ಮಾತು ಹೊರಬರಬಹುದು ಅನ್ನುವುದು ಅದರಲ್ಲಿ ಕಾಣುತ್ತದೆ.

ಇದರ ಕಹಿ ಹೋಗಲು ನಿಸ್ಸಾದ ಬಿಷಪ್ ಗ್ರೆಗರಿಯ ಆತ್ಮ ಮತ್ತು ಪುನರುತ್ಥಾನದ ಸಂವಾದದ ಮೊದಲ ಪುಟಗಳನ್ನು ನೋಡಿ. ಅಣ್ಣ ಬೇಸಿಲ್ ಸತ್ತ ದುಃಖದಲ್ಲಿ ಗ್ರೆಗರಿ ಅಕ್ಕ ಮಾಕ್ರಿನಾ ಹತ್ತಿರ ಬರುತ್ತಾನೆ. ಅಕ್ಕನೇ ಸಾವಿನ ಹಾಸಿಗೆಯಲ್ಲಿದ್ದಾಳೆ. ಅವಳು ಮೊದಲು ಅವನನ್ನು ಅಳಲು ಬಿಡುತ್ತಾಳೆ, ಪಳಗಿದ ಸವಾರ ಕುದುರೆಗೆ ಸ್ವಲ್ಪ ಹೊತ್ತು ಲಗಾಮು ಸಡಿಲ ಬಿಡುವ ಹಾಗೆ. ಆಮೇಲೆ ಮಾತು ಶುರು ಮಾಡುತ್ತಾಳೆ.

8. ಅಗಸ್ಟೀನ್ ಸ್ನಾನಕ್ಕೆ ಹೋದದ್ದು

ತನ್ನ ಬದುಕಿನ ಕಥೆಯಾದ ತಪ್ಪೊಪ್ಪಿಗೆಗಳ 9ನೇ ಭಾಗದ ಕೊನೆ. ಕ್ರಿ.ಶ. 387, ರೋಮಿನ ಬಂದರು ಓಸ್ಟಿಯಾ. ತಾಯಿ ಮೋನಿಕಾ 56ನೇ ವಯಸ್ಸಿಗೆ ತೀರಿಕೊಂಡಳು. ಅಗಸ್ಟೀನ್‌ಗೆ 33. ತಾಯಿಯ ಕಣ್ಣು ಮುಚ್ಚಿದವನು ಅವನೇ. ಮಗ ಅದಿಯೊದಾತಸ್ ಜೋರಾಗಿ ಅತ್ತ, ದೊಡ್ಡವರು ಅವನನ್ನು ಸುಮ್ಮನಿರಿಸಿದರು. ನಂಬಿಕೆ ಇರುವವರು ಗೋಳಾಡಬಾರದು ಅಂತ. ಒಬ್ಬರು ಕೀರ್ತನೆ ಶುರು ಮಾಡಿದರು. ಅಗಸ್ಟೀನ್ ಅಳಲಿಲ್ಲ. ಸಮಾಧಿಗೆ ಹೋಗಿ ಬಂದ, ಆಗಲೂ ಅಳಲಿಲ್ಲ.

ಸ್ನಾನ ಮಾಡಿದರೆ ಹಗುರವಾಗಬಹುದು ಅಂತ ಸ್ನಾನಕ್ಕೆ ಹೋದ. ಸ್ನಾನಕ್ಕೆ ಇರುವ ಗ್ರೀಕ್ ಪದದಲ್ಲಿ ಚಿಂತೆ ಓಡಿಸುವುದು ಅನ್ನುವ ಅರ್ಥ ಇದೆ ಅಂತ ಅವನು ಕೇಳಿದ್ದ. ಏನೂ ಆಗಲಿಲ್ಲ. ಎದೆಯ ಕಹಿ ಬೆವರಿನ ಜೊತೆ ಹೊರಬರಲಿಲ್ಲ ಅನ್ನುತ್ತಾನೆ. ಮಲಗಿ ಎದ್ದ. ಹಾಸಿಗೆಯಲ್ಲಿ ಒಬ್ಬನೇ ಇದ್ದಾಗ, ಮಿಲಾನ್‌ನ ಬಿಷಪ್ ಆಂಬ್ರೋಸ್ ಬರೆದ ಹಾಡಿನ ಕೆಲವು ಸಾಲು ನೆನಪಾದವು. ಹಗಲಿಗೆ ಬೆಳಕನ್ನೂ ಇರುಳಿಗೆ ನಿದ್ದೆಯನ್ನೂ ಕೊಟ್ಟ ದೇವರ ಹಾಡು ಅದು. ಆಮೇಲೆ ತಾಯಿಯ ನೆನಪು. ಆಗ ಕಣ್ಣೀರನ್ನು ಬಿಟ್ಟುಕೊಟ್ಟ. ಒಂದು ಗಂಟೆಯ ಒಂದಿಷ್ಟು ಹೊತ್ತು ತಾಯಿಗಾಗಿ ಅತ್ತದ್ದು ಪಾಪ ಅನ್ನಿಸಿದರೆ ಓದುಗ ನಗುವುದು ಬೇಡ, ಪ್ರೀತಿ ಇದ್ದರೆ ನನ್ನ ಪಾಪಕ್ಕಾಗಿ ಅವನೂ ಅಳಲಿ ಅಂತ ಬರೆಯುತ್ತಾನೆ.

ಇದನ್ನು 4ನೇ ಭಾಗದ ಜೊತೆ ಹೋಲಿಸಿ. ಅಲ್ಲಿ ಕ್ರೈಸ್ತನಾಗುವ ಮೊದಲಿನ ಅಗಸ್ಟೀನ್, ಹೆಸರು ಹೇಳದ ಒಬ್ಬ ಗೆಳೆಯನ ಸಾವಿಗೆ ಕುಸಿಯುತ್ತಾನೆ. ನನಗೆ ನಾನೇ ದೊಡ್ಡ ಪ್ರಶ್ನೆಯಾದೆ ಅನ್ನುತ್ತಾನೆ. ಎರಡೂ ಕಡೆ ಕಣ್ಣೀರು ಇದೆ. ಯಾರ ಮುಂದೆ ಅಳುತ್ತಿದ್ದಾನೆ ಅನ್ನುವುದು ಬೇರೆ.

9. ಬೊಯೆಥಿಯಸ್ ಕೊನೆಗೆ

ಸಾಂತ್ವನ ಅಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ರೋಮಿನ ತತ್ವಜ್ಞಾನಿ ಬೊಯೆಥಿಯಸ್, ಅವನ ತತ್ವಜ್ಞಾನದ ಸಾಂತ್ವನ ಅನ್ನುವ ಪುಸ್ತಕ. ಅದಕ್ಕೇ ಎಲ್ಲರೂ ಅಲ್ಲಿಂದ ಶುರು ಮಾಡುತ್ತಾರೆ. ಅವನು ಕೊನೆಯವನು. ಮೇಲಿನದೆಲ್ಲ ಓದಿದ್ದರೆ ಅವನ ಪ್ರತಿ ಪುಟದಲ್ಲೂ ಹಳೆಯ ದನಿಗಳು ಕೇಳಿಸುತ್ತವೆ.

ಕ್ರಿ.ಶ. 524ರ ಹೊತ್ತು. ಇಟಲಿಯನ್ನು ಆಳುತ್ತಿದ್ದ ರಾಜ ಥಿಯೊಡೊರಿಕ್ ದ್ರೋಹದ ಆರೋಪ ಹೊರಿಸಿ ಅವನನ್ನು ಸೆರೆಗೆ ಹಾಕಿದ್ದ. ಮರಣದಂಡನೆ ಕಾದಿತ್ತು. ಇಲ್ಲಿ ಯಾರೂ ಸತ್ತಿಲ್ಲ. ಸಾಯಬೇಕಾದವನು ತಾನೇ. ಐದು ಭಾಗ, ಗದ್ಯ ಮತ್ತು ಪದ್ಯ ಒಂದಾದ ಮೇಲೊಂದು. ತತ್ವಜ್ಞಾನವೇ ಒಬ್ಬ ಹೆಂಗಸಾಗಿ ಸೆರೆಮನೆಗೆ ಬರುತ್ತಾಳೆ. ಹಾಸಿಗೆಯ ಸುತ್ತ ನಿಂತು ಅಳಿಸುತ್ತಿದ್ದ ಕಾವ್ಯದೇವಿಯರನ್ನು ಓಡಿಸುತ್ತಾಳೆ. ಇವನ ಕಾಯಿಲೆ ನೋಡಿ, ಗಟ್ಟಿ ಮದ್ದು ಈಗ ಬೇಡ, ಊತ ಇಳಿಯಲಿ, ಮೊದಲು ಹಗುರದ್ದು ಅನ್ನುತ್ತಾಳೆ. ಕ್ರೈಸಿಪ್ಪಸ್‌ನ ಎಚ್ಚರಿಕೆ ನೆನಪಾಯಿತಲ್ಲ?

ಎಚ್ಚರ: ಪುಸ್ತಕದಲ್ಲಿ ಕ್ರಿಸ್ತನ ಹೆಸರಿಲ್ಲ. ಹಾಗಂತ ಅವನು ನಂಬಿಕೆ ಬಿಟ್ಟಿದ್ದ ಅಂತ ತೀರ್ಮಾನಿಸಬೇಡಿ. ಅವನೇ ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ) ಬಗ್ಗೆ ಗ್ರಂಥ ಬರೆದವನು. 5ನೇ ಭಾಗ, ದೇವರಿಗೆ ಎಲ್ಲ ಮೊದಲೇ ಗೊತ್ತಿದ್ದರೆ ನಮಗೆ ಸ್ವಾತಂತ್ರ್ಯ ಎಲ್ಲಿ ಅನ್ನುವ ಚರ್ಚೆ, ನಿಜಕ್ಕೂ ಕಷ್ಟ. ಮೊದಲ ಸಲ 2ನೇ ಭಾಗದವರೆಗೆ ಓದಿದರೂ ಸಾಕು. ಅದೃಷ್ಟದ ಚಕ್ರದ ಹೆಸರುವಾಸಿ ಮಾತು ಅಲ್ಲೇ ಇದೆ.

10. ಇನ್ನೊಂದೇ ಪತ್ರ

ಅಗಸ್ಟೀನ್‌ನ 263ನೇ ಪತ್ರ. ಚಿಕ್ಕದು, ಹೆಚ್ಚು ಜನ ಓದದ್ದು. ಸಪಿದಾ ಅನ್ನುವ ಸನ್ಯಾಸಿನಿ ತನ್ನ ಒಡಹುಟ್ಟಿದ ತಿಮೊಥೆಯನಿಗಾಗಿ ಕೈಯಾರೆ ಒಂದು ನಿಲುವಂಗಿ ಮಾಡಿದ್ದಳು. ಅವನು ಕಾರ್ಥೇಜ್‌ನ ಸಭೆಯಲ್ಲಿ ಸೇವಕನಾಗಿದ್ದ. ತೊಡುವ ಮೊದಲೇ ಸತ್ತ. ಅವಳು ಅದನ್ನು ಅಗಸ್ಟೀನ್‌ಗೆ ಕಳಿಸಿ, ನೀವಾದರೂ ತೊಟ್ಟರೆ ನನಗೆ ಸಮಾಧಾನ ಅಂದಳು. ಅವನು ತೆಗೆದುಕೊಂಡ. ಈ ಪತ್ರ ಬರೆಯುವ ಹೊತ್ತಿಗೆ ತೊಡಲು ಶುರು ಮಾಡಿದ್ದೇನೆ ಅಂತ ಅವಳಿಗೆ ತಿಳಿಸಿದ. ತಿಮೊಥೆಯ ಬರುತ್ತಾ ಹೋಗುತ್ತಾ ಇದ್ದದ್ದು ಇನ್ನು ಕಾಣುವುದಿಲ್ಲ, ಅದನ್ನು ನೆನೆದಾಗ ಕಣ್ಣೀರು ಎದೆಯ ರಕ್ತದ ಹಾಗೆ ಬರುತ್ತದೆ ಅಂತ ಒಪ್ಪಿಕೊಂಡ. ಆಮೇಲೆ ಪೌಲನ ಮಾತಿಗೆ ಬಂದ.

ಇದಕ್ಕೆ ಟಿಪ್ಪಣಿ ಮಾಡುವಾಗ ನಾಲ್ಕನೇ ಪ್ರಶ್ನೆಯಿಂದ ಶುರು ಮಾಡಿ. ನೆಪೋಶಿಯನ್‌ನ ನಿಲುವಂಗಿಯ ಪುಟವನ್ನೂ ತೆರೆದು ಪಕ್ಕದಲ್ಲಿ ಇಟ್ಟುಕೊಳ್ಳಿ.